ಅಂಜಿಕೆಯ ಅಳತೆ

ನೈರೋಬಿಗೆ ಹೊಸತಾಗಿ ಬಂದಿಳಿದ ಕನ್ನಡಿಗನಿಗೆ ಮೊಟ್ಟಮೊದಲು ಸಲ್ಲುವ ಆತಿಥ್ಯವೆಂದರೆ ಉಪದೇಶ. ವಿಮಾನನಿಲ್ದಾಣದಿಂದ ಪಾರ್ಕ್‌ಲ್ಯಾಂಡ್ಸಿಗೋ ವೆಸ್ಟ್‌ಲ್ಯಾಂಡ್ಸಿಗೋ ಬರುವ ದಾರಿಯಲ್ಲಿಯೆ, ಪ್ರಯಾಣ ಸುಖವಾಗಿತ್ತೆ ಎಂಬ ಕುಶಲಪ್ರಶ್ನೆ ಮುಗಿಯುವುದೆ ತಡ, ಎದುರುಗೊಳ್ಳಲು ಬಂದ ಹಿತೈಷಿಗಳು ಅದನ್ನು ಆರಂಭಿಸುತ್ತಾರೆ: ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಗಾಜು ಇಳಿಸಕೂಡದು, ಬೀದಿಯಲ್ಲಿ ನಿಂತು ಫೋನು ಹೊರಗೆ ತೆಗೆಯಕೂಡದು, ಹೆಂಗಸರು ಸರವನ್ನು ಸೆರಗಿನೊಳಗೆ ಸೇರಿಸಿಕೊಳ್ಳುವುದು ಒಳ್ಳೆಯದು, ಕತ್ತಲಾದ ಮೇಲೆ ನಡೆದುಹೋಗುವ ಮಾತು ಬೇಡವೆ ಬೇಡ. ಮನೆ ಸೇರಿದರೆ ಅದೇ ಉಪದೇಶವು ಕಲ್ಲು ಕಬ್ಬಿಣಗಳ ರೂಪವನ್ನು ತಳೆದು ನಿಂತಿರುವುದು ಕಾಣುತ್ತದೆ: ಕಾಂಪೌಂಡಿನ ಗೋಡೆಯ ಮೇಲೆ ವಿದ್ಯುತ್ತಿನ ತಂತಿ, ಗೇಟಿನಲ್ಲಿ ಅಸ್ಕಾರಿಯೆಂದು ಇಲ್ಲಿಯವರು ಕರೆಯುವ ಕಾವಲುಗಾರ, ಒಳಗೆ ಮಲಗುವ ಕೋಣೆಗಳ ಮೊಗಸಾಲೆಗೆ ಬೇರೆಯೆ ಒಂದು ಸರಳುಬಾಗಿಲು. ಸಮುದ್ರಮಟ್ಟದಿಂದ 1,700 ಮೀಟರಿಗೆ ಮಿಗಿಲಾದ ಎತ್ತರದಲ್ಲಿದ್ದು, ಭೂಮಧ್ಯರೇಖೆಗೆ ಅಷ್ಟು ಹತ್ತಿರವಾಗಿಯೂ ಜುಲೈ ತಿಂಗಳಲ್ಲಿ ಸ್ವೆಟರನ್ನು ಬೇಡುವ, ಅಕ್ಟೋಬರು ಬಂದರೆ ಜಕರಂದದ ಹೂವಿನಿಂದ ಬೀದಿಬೀದಿಯೂ ನೀಲಿಯಾಗುವ ಈ ರಮ್ಯನಗರವನ್ನು ಕಣ್ತುಂಬ ನೋಡುವುದಕ್ಕೆ ಮುನ್ನವೆ ನಾವು ಅದಕ್ಕೆ ಅಂಜುವುದನ್ನು ಕಲಿತುಬಿಟ್ಟಿರುತ್ತೇವೆ.

ಈ ಉಪದೇಶ ನಿರಾಧಾರವಾದುದೆಂದು ಯಾರೂ ಹೇಳಲಾರರು. 1982ರ ಆಗಸ್ಟಿನಲ್ಲಿ ಸೈನ್ಯದ ಒಂದು ಭಾಗ ದಂಗೆಯೆದ್ದಾಗ ಭಾರತೀಯರ ಅಂಗಡಿಗಳು ಲೂಟಿಯಾದುದನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ಇಲ್ಲಿದ್ದಾರೆ. 1998ರ ಆಗಸ್ಟ್ 7ರಂದು ಅಮೆರಿಕದ ರಾಯಭಾರ ಕಚೇರಿಯ ಬಳಿ ಸಿಡಿದ ಬಾಂಬು ಈ ನಗರದ 213 ಜೀವಗಳನ್ನು ತೆಗೆದುಕೊಂಡಿತು. 2013ರ ಸೆಪ್ಟೆಂಬರ್ 21ರಂದು ವೆಸ್ಟ್‌ಗೇಟ್ ಮಳಿಗೆಯಲ್ಲಿ ಆರಂಭವಾದ ಹತ್ಯಾಕಾಂಡ 67 ಮಂದಿಯನ್ನು ಬಲಿಗೊಂಡಿತು. ಇಂಥ ನೆನಪುಗಳನ್ನು ಹೊತ್ತ ಊರಿನಲ್ಲಿ, ಕೆಟ್ಟದ್ದನ್ನು ಯೋಚಿಸಬೇಡಿ, ಎಲ್ಲವೂ ಒಳ್ಳೆಯದೆಂದು ಭಾವಿಸಿರಿ, ಎಂದು ಬೋಧಿಸುವವನು ಒಂದೋ ಬಾಲಕ, ಇಲ್ಲವೆ ವಂಚಕ. ಆದುದರಿಂದಲೆ, ನಕಾರಾತ್ಮಕ ಚಿಂತನೆಯೆಂದು ಈಗಿನವರು ಹೆಸರಿಟ್ಟಿರುವ ಮನೋವ್ಯಾಧಿಯನ್ನು ಕುರಿತು ವಿಚಾರ ಮಾಡುವುದಕ್ಕೆ ನೈರೋಬಿಯಷ್ಟು ತಕ್ಕ ಸ್ಥಳ ಬೇರೊಂದು ದೊರೆಯುವುದು ಕಷ್ಟ. ಅಂಜುವುದಕ್ಕೆ ಯುಕ್ತವಾದ ಕಾರಣಗಳುಂಟು ಎಂದು ಒಪ್ಪಿಕೊಂಡ ಮೇಲೆಯೂ, ಅಂಜಿಕೆಯ ಅಡಿಯಾಳಾಗದೆ ಬದುಕುವುದು ಹೇಗೆಂಬುದೆ ಇಲ್ಲಿಯ ಪ್ರಶ್ನೆ.

ಎಚ್ಚರ ಮುಗಿಯುವ ತಾಣ

ಎಚ್ಚರಕ್ಕೂ ಅಂಜಿಕೆಗೂ ಇರುವ ಭೇದ ಮೇಲ್ನೋಟಕ್ಕೆ ಅತ್ಯಲ್ಪವಾದುದು. ಎರಡೂ ಒಂದೇ ಸಂದೇಹದಿಂದ ಹುಟ್ಟುತ್ತವೆ, ಒಂದೇ ಮಾತನ್ನಾಡುತ್ತವೆ. ಆದರೆ ಎಚ್ಚರಕ್ಕೆ ಒಂದು ಕೊನೆಯುಂಟು. ಅದು ಎದ್ದು ಹೋಗಿ ಬಾಗಿಲಿಗೆ ಅಗಳಿ ಹಾಕುತ್ತದೆ, ಹಾಕಿದ ಮೇಲೆ ನಿದ್ರೆಹೋಗುತ್ತದೆ. ಅಂಜಿಕೆ ಅಗಳಿ ಹಾಕಿದ ಬಳಿಕವೂ ಹಾಸಿಗೆಯಲ್ಲಿ ಕಣ್ಣು ತೆರೆದುಕೊಂಡೆ ಇರುತ್ತದೆ; ಬಾಗಿಲಿನ ಚಿಂತೆ ತೀರಿದರೆ ಕಿಟಕಿಯದು, ಕಿಟಕಿಯದು ತೀರಿದರೆ ಮಗನ ಪರೀಕ್ಷೆಯದು, ಅದೂ ತೀರಿದರೆ ಊರಿನಲ್ಲಿರುವ ತಂದೆಯ ಮೊಣಕಾಲಿನದು. ಕಾರ್ಯದಲ್ಲಿ ಪರ್ಯವಸಾನಗೊಳ್ಳುವ ಕೆಟ್ಟ ಯೋಚನೆ ವಿವೇಕ. ಮತ್ತೊಂದು ಕೆಟ್ಟ ಯೋಚನೆಯಲ್ಲಿ ಪರ್ಯವಸಾನಗೊಳ್ಳುವುದು ವ್ಯಾಧಿ.

ಪರದೇಶದಲ್ಲಿರುವ ಕುಟುಂಬಗಳಿಗೆ ಈ ವ್ಯಾಧಿಯ ಅನುಭವ ನಿತ್ಯವೂ ಆಗುವುದು ಫೋನಿನ ಮೂಲಕ. ಭಾರತದ ಗಡಿಯಾರ ನೈರೋಬಿಯ ಗಡಿಯಾರಕ್ಕಿಂತ ಎರಡೂವರೆ ಗಂಟೆ ಮುಂದೆ. ಹಾಸನದಲ್ಲಿ ಬೆಳಗಿನ ಆರೂವರೆಗೆ ಸ್ನಾನ ಮುಗಿಸಿ ಕಾಫಿ ಕುಡಿದು ಕುಳಿತ ತಾಯಿಗೆ ಮಗಳ ನೆನಪು ಬಂದರೆ ಇಲ್ಲಿ ಇನ್ನೂ ನಾಲ್ಕು ಗಂಟೆಯ ಗಾಢಾಂಧಕಾರ. ಆ ಹೊತ್ತಿನಲ್ಲಿ ಫೋನು ಬಡಿದುಕೊಂಡಿತೆಂದರೆ, ಎದ್ದು ಕನ್ನಡಕ ಹುಡುಕಿ ಗುಂಡಿಯೊತ್ತುವಷ್ಟರೊಳಗೆ ಮಗಳ ಮನಸ್ಸು ಆಸ್ಪತ್ರೆಯ ಐಸಿಯುವನ್ನು ಹೊಕ್ಕು, ಮುಂಬಯಿಯ ವಿಮಾನಕ್ಕೆ ಟಿಕೆಟು ಕೊಂಡು, ಹೊತ್ತಿಗೆ ಸರಿಯಾಗಿ ತಲಪಲಾರದೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅಳುವುದನ್ನೂ ಮುಗಿಸಿರುತ್ತದೆ.

"ಏನಾಯ್ತಮ್ಮಾ? ಅಪ್ಪ ಹೇಗಿದಾರೆ?"

"ಅಪ್ಪನಿಗೇನು, ಹಾಲು ತರೋಕೆ ಹೋಗಿದಾರೆ. ಇವತ್ತು ಸಂಕಷ್ಟಿ ಕಣೇ. ನೀನು ಮರೆತು ತಿಂಡಿ ತಿಂದ್ಬಿಟ್ಟೀಯಾ ಅಂತ ಫೋನ್ ಮಾಡ್ದೆ."

ನಗು ಬರುತ್ತದೆ, ಸಿಟ್ಟೂ ಬರುತ್ತದೆ; ಆದರೆ ಎದೆಯ ಬಡಿತ ಇಳಿಯುವುದಕ್ಕೆ ಅರ್ಧ ಗಂಟೆಯಾದರೂ ಬೇಕು, ಮತ್ತೆ ನಿದ್ರೆ ಬರುವ ಸಂಭವವಂತೂ ಇಲ್ಲ. ಆಗದೆ ಹೋದ ವಿಪತ್ತಿಗೆ ದೇಹವು ಆದ ವಿಪತ್ತಿಗೆ ತೆರುವಷ್ಟೆ ಬೆಲೆಯನ್ನು ತೆರುತ್ತದೆ.

ಮನಸ್ಸು ಹೀಗೆ ಕೇಡಿನ ಕಡೆಗೆ ವಾಲುವುದು ಯಾರೊಬ್ಬರ ದೌರ್ಬಲ್ಯವೂ ಅಲ್ಲ. ಡೇನಿಯಲ್ ಕಾಹ್ನೆಮನ್, ಏಮೊಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಿದ್ಧಾಂತದ ಒಂದು ತಾತ್ಪರ್ಯವೆಂದರೆ, ಸಮಾನವಾದ ಲಾಭ ನಷ್ಟಗಳಲ್ಲಿ ನಷ್ಟವೆ ಮನುಷ್ಯನಿಗೆ ದೊಡ್ಡದಾಗಿ ತೋರುತ್ತದೆ ಎಂಬುದು. ನೂರು ರೂಪಾಯಿ ಸಿಕ್ಕ ಹರ್ಷ ಸಂಜೆಯೊಳಗೆ ಆರಿಹೋಗುತ್ತದೆ. ನೂರು ರೂಪಾಯಿ ಕಳೆದ ದುಃಖ ರಾತ್ರಿ ಊಟಕ್ಕೂ ಜೊತೆಯಲ್ಲಿ ಬಂದು ಕೂರುತ್ತದೆ. ಪೊದೆಯಲ್ಲಿ ಎಲೆ ಅಲುಗಿದಾಗ ಗಾಳಿಯೆಂದು ಭಾವಿಸಿ ಕುಳಿತ ಪೂರ್ವಜನಿಗಿಂತ ಮೃಗವೆಂದು ಭಾವಿಸಿ ಓಡಿದವನು ಬದುಕುಳಿದಿರುವ ಸಂಭವವೆ ಹೆಚ್ಚಾದ್ದರಿಂದ, ಆ ಓಟಗಾರನ ಸಂತಾನವಾದ ನಮಗೆ ಈ ಸ್ವಭಾವ ವಂಶಪಾರಂಪರ್ಯವಾಗಿ ಬಂದಿದೆಯೆಂದು ವಿದ್ವಾಂಸರು ಊಹಿಸುತ್ತಾರೆ. ಬಂದ ಸ್ವಭಾವವನ್ನು ಕಿತ್ತೆಸೆಯಲಾಗದು. ಆದರೆ ಅದರ ಮಾತನ್ನೆಲ್ಲ ನಂಬಬೇಕೆಂಬ ಕಟ್ಟುಪಾಡೇನೂ ಇಲ್ಲ.

ತ್ಸಾವೊದ ಲೆಕ್ಕ

ಪೊದೆಯೊಳಗೆ ನಿಜವಾಗಿಯೆ ಮೃಗವಿದ್ದಾಗ ಏನಾಯಿತೆಂಬುದಕ್ಕೆ ಈ ನಾಡಿನ ಚರಿತ್ರೆಯಲ್ಲಿಯೆ ಒಂದು ದೃಷ್ಟಾಂತವುಂಟು. ನೈರೋಬಿ ರೈಲ್ವೆಯಿಂದ ಹುಟ್ಟಿದ ಊರು. ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದವರೆಗೆ ಬ್ರಿಟಿಷರು 1896ರಲ್ಲಿ ಹಾಸತೊಡಗಿದ ಉಗಾಂಡಾ ರೈಲ್ವೆಯ ಹಳಿಗಳು 1899ರಲ್ಲಿ ಒಂದು ಜೌಗುನೆಲವನ್ನು ಮುಟ್ಟಿದಾಗ ಅಲ್ಲಿ ಹೂಡಿದ ಬೀಡೆ ಮುಂದೆ ರಾಜಧಾನಿಯಾಗಿ ಬೆಳೆಯಿತು. ಆ ಹಳಿಗಳನ್ನು ಹಾಸಲು ಭಾರತದಿಂದ ಕರಾರಿನ ಮೇಲೆ ಬಂದವರು ಸುಮಾರು 32,000 ಮಂದಿ. ಮೊಂಬಾಸಾದಿಂದ ಇನ್ನೂರು ಕಿಲೋಮೀಟರು ದಾಟಿದ ಮೇಲೆ ಸಿಗುವ ತ್ಸಾವೊ ನದಿಗೆ 1898ರಲ್ಲಿ ಅವರು ಸೇತುವೆ ಕಟ್ಟುತ್ತಿದ್ದಾಗ, ಕೇಸರವಿಲ್ಲದ ಎರಡು ಗಂಡುಸಿಂಹಗಳು ರಾತ್ರಿರಾತ್ರಿ ಗುಡಾರಗಳಿಗೆ ನುಗ್ಗಿ ಕೂಲಿಯವರನ್ನು ಎಳೆದೊಯ್ಯತೊಡಗಿದವು. ಅವು ಸಿಂಹಗಳಲ್ಲ, ತಮ್ಮ ನೆಲದಲ್ಲಿ ರೈಲು ಹಾಯುವುದನ್ನು ಸಹಿಸದ ಪ್ರೇತಗಳೆಂದು ಬೀಡಿನಲ್ಲಿ ವದಂತಿ ಹಬ್ಬಿತು. ನೂರಾರು ಜನ ಸಿಕ್ಕ ರೈಲನ್ನು ಹತ್ತಿ ಓಡಿದರು. ಸೇತುವೆಯ ಕೆಲಸ ಕೆಲವು ವಾರ ನಿಂತೆಹೋಯಿತು. ಕಡೆಗೆ ಆ ಡಿಸೆಂಬರಿನಲ್ಲಿ ಎಂಜಿನಿಯರ್ ಜಾನ್ ಹೆನ್ರಿ ಪ್ಯಾಟರ್ಸನ್ ಎರಡನ್ನೂ ಗುಂಡಿಕ್ಕಿ ಕೊಂದನು.

ಸತ್ತವರೆಷ್ಟು? 1907ರಲ್ಲಿ ಪ್ಯಾಟರ್ಸನ್ ಬರೆದ ಪುಸ್ತಕದಲ್ಲಿ ಭಾರತೀಯ ಕೂಲಿಗಳು 28 ಮಂದಿ, ಅವರಲ್ಲದೆ ಲೆಕ್ಕಕ್ಕೆ ಸಿಕ್ಕದ ಆಫ್ರಿಕನ್ನರು ಅನೇಕರು ಎಂದಿದ್ದಿತು. ವರ್ಷಗಳು ಕಳೆದ ಮೇಲೆ ಅವನೇ ಹೇಳಿದ ಸಂಖ್ಯೆ 135ಕ್ಕೆ ಏರಿತು. ಜಗತ್ತು ನೆನಪಿಟ್ಟುಕೊಂಡುದು ಈ ಎರಡನೆಯದನ್ನೆ. ಸಿಂಹಗಳ ಚರ್ಮ ತಲೆಬುರುಡೆಗಳು ಷಿಕಾಗೋ ನಗರದ ಫೀಲ್ಡ್ ವಸ್ತುಸಂಗ್ರಹಾಲಯವನ್ನು ಸೇರಿದ್ದುವು. ಮನುಷ್ಯಮಾಂಸ ಎಷ್ಟು ಪ್ರಮಾಣದಲ್ಲಿ ಆ ಪ್ರಾಣಿಗಳ ದೇಹಗತವಾಗಿತ್ತೆಂಬುದನ್ನು ಅವುಗಳ ಕೂದಲು ಮತ್ತು ಮೂಳೆಯ ರಾಸಾಯನಿಕ ಪರೀಕ್ಷೆಯಿಂದ ಅಳೆದ ವಿಜ್ಞಾನಿಗಳು 2009ರಲ್ಲಿ ಕೊಟ್ಟ ಉತ್ತರ: ಎರಡೂ ಸೇರಿ ತಿಂದುದು ಸುಮಾರು 35 ಮಂದಿಯನ್ನು, ಹೆಚ್ಚೆಂದರೆ 72.

ಈ ಲೆಕ್ಕದಿಂದ ಕಲಿಯಬೇಕಾದುದು ಎರಡು. ಮೊದಲನೆಯದು, ಅಳೆದ ಮೇಲೆ ಅಂಜಿಕೆ ಶೂನ್ಯವಾಗಲಿಲ್ಲ ಎಂಬುದು. ಮೂವತ್ತೈದು ಪ್ರಾಣಗಳೆಂದರೆ ಮೂವತ್ತೈದು ಮನೆಗಳ ದೀಪ. ಬೀಡಿನ ಸುತ್ತ ಮುಳ್ಳಿನ ಬೇಲಿ ಹಾಕಿದುದು ಸರಿಯಾಗಿಯೆ ಇತ್ತು. ಆದರೆ ಪ್ರೇತವೆಂಬ ಅಂಜಿಕೆಗೆ ಮುಳ್ಳುಬೇಲಿಯಿಲ್ಲ, ಗುಂಡೂ ತಾಗದು. ಸಿಂಹವೆಂಬ ಅಂಜಿಕೆಗೆ ಎರಡೂ ಉಂಟು. ಎರಡನೆಯದು ಇನ್ನೂ ಗಂಭೀರವಾದುದು. ಆ ರೈಲುಹಾದಿಯ ಕೆಲಸದಲ್ಲಿ ಒಟ್ಟು ಸತ್ತ ಭಾರತೀಯರು ಸುಮಾರು 2,500. ಅಂದರೆ ಸಿಂಹಗಳ ಬಾಯಿಗೆ ಬಿದ್ದವರು ಬಲು ಸಣ್ಣ ಪಾಲು. ಮಿಕ್ಕವರಲ್ಲಿ ಬಹುಮಂದಿಯನ್ನು ಕೊಂದುದು ಜ್ವರ, ಭೇದಿ, ಕೀವಾದ ಗಾಯ. ಕಥೆ ಬರೆಯಿಸಿಕೊಂಡುದು ಸಿಂಹ. ಜ್ವರದ ಮೇಲೆ ಯಾರೂ ಕಥೆ ಬರೆಯಲಿಲ್ಲ. ಇಂದಿಗೂ ನಮ್ಮ ಮನಸ್ಸಿನ ರೀತಿ ಇದೇ ಆಗಿದೆ. ಕಳ್ಳನಿಗೆ ಅಂಜಿ ಎರಡನೆಯ ಸರಳುಬಾಗಿಲು ಹಾಕಿಸಿದ ಗೃಹಸ್ಥನನ್ನು, ರಕ್ತದೊತ್ತಡ ನೋಡಿಸಿ ಎಷ್ಟು ಕಾಲವಾಯಿತೆಂದು ಕೇಳಿ ನೋಡಿ. ಅವನು ನೆನಪು ಮಾಡಿಕೊಳ್ಳಲು ಹೊರಟು ವಿಷಯವನ್ನೆ ಬದಲಾಯಿಸುತ್ತಾನೆ.

ಅಮೆರಿಕದ ಫಿಲಡೆಲ್ಫಿಯಾ ನಗರದ ವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಮನೋರೋಗಿಗಳ ಚಿಕಿತ್ಸೆಗೆ ತಂದ ಹೊಸ ಕ್ರಮದ ತಿರುಳೂ ಈ ಅಳೆಯುವಿಕೆಯೆ. ಖಿನ್ನರಾದವರ ಚಿತ್ತದಲ್ಲಿ ಕೆಲವು ವಾಕ್ಯಗಳು, ಕರೆಯದೆ, ಕ್ಷಣಾರ್ಧದಲ್ಲಿ, ಪ್ರಶ್ನೆಗೆ ಎಡೆಗೊಡದೆ ಹಾದುಹೋಗುತ್ತವೆಂಬುದನ್ನು ಅವನು ಗಮನಿಸಿದನು: ನನ್ನಿಂದ ಆಗದು, ಯಾರಿಗೂ ನಾನು ಬೇಡ, ಮುಂದೆ ಒಳ್ಳೆಯದಾಗುವಂತಿಲ್ಲ. ಇಂಥ ವಾಕ್ಯವನ್ನು ಹಿಡಿದು ಕಾಗದದ ಮೇಲೆ ಬರೆದು, ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿದ ವಕೀಲನಂತೆ ಪಾಟೀಸವಾಲು ಹಾಕಬೇಕೆಂಬುದು ಅವನ ವಿಧಾನ. ನೈರೋಬಿಯ ಕನ್ನಡಿಗರಿಗೆ ಚಿರಪರಿಚಿತವಾದ ಒಂದು ಸಂದರ್ಭವನ್ನೆ ತೆಗೆದುಕೊಳ್ಳೋಣ. ವರ್ಕ್ ಪರ್ಮಿಟ್ಟಿನ ಅವಧಿ ಮುಗಿಯುತ್ತ ಬಂದಿದೆ. ನವೀಕರಣದ ಅರ್ಜಿಗೆ ಉತ್ತರ ಬಂದಿಲ್ಲ. ಮನಸ್ಸು ಹೇಳುತ್ತದೆ: ಈ ಸಲ ಆಗುವುದಿಲ್ಲ, ಮಕ್ಕಳ ಶಾಲೆ ನಡುವರ್ಷದಲ್ಲಿ ನಿಲ್ಲುತ್ತದೆ, ಈ ವಯಸ್ಸಿನಲ್ಲಿ ಊರಿಗೆ ಹೋದರೆ ಕೆಲಸ ಕೊಡುವವರಾರು, ನನ್ನ ಬಾಳು ಮುಗಿಯಿತು. ನಾಲ್ಕು ವಾಕ್ಯಗಳನ್ನೂ ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಎದುರಿಗೆ ಇದಕ್ಕೆ ಆಧಾರವೇನು, ಇದಕ್ಕೆ ವಿರುದ್ಧವಾದುದೇನು, ಆದರೂ ಆದೀತೆಂದಿಟ್ಟುಕೊಂಡರೆ ಮಾಡತಕ್ಕದ್ದೇನು ಎಂದು ಕೇಳಿಕೊಂಡರೆ, ಮೊದಲನೆಯದರಲ್ಲಿ ಒಂದಿಷ್ಟು ಸತ್ಯಾಂಶವೂ, ಎರಡನೆಯ ಮೂರನೆಯವುಗಳಲ್ಲಿ ವಿಚಾರಿಸಿ ತಿಳಿಯಬೇಕಾದ ಒಂದೆರಡು ಸಂಗತಿಗಳೂ ಉಳಿಯುತ್ತವೆ. ನಾಲ್ಕನೆಯದು ಬರೆಯುವಾಗಲೆ ನಾಚಿಕೆಯಾಗುವಷ್ಟು ಪೊಳ್ಳೆಂದು ತಿಳಿದುಬರುತ್ತದೆ. ಉಳಿದುದು ಚಿಂತೆಯಲ್ಲ, ಬೆಳಗಾದರೆ ಮಾಡಬಹುದಾದ ಕೆಲಸ.

ಮಂಗನನ್ನು ನೆನೆಯಬೇಡ

ಇಷ್ಟೆಲ್ಲ ತೊಂದರೆಯೇಕೆ, ಕೆಟ್ಟ ಯೋಚನೆ ಬಂದೊಡನೆ ಅದನ್ನು ತಳ್ಳಿಬಿಟ್ಟರಾಯಿತು ಎನ್ನುವವರುಂಟು. ಔಷಧ ಕುಡಿಯುವಾಗ ಮಂಗನನ್ನು ಮಾತ್ರ ನೆನೆಯಬೇಡವೆಂದು ಹೇಳಿ ಕಳುಹಿಸಿದ ಪಂಡಿತನ ಕಥೆಯನ್ನು ಕೇಳಿ ಬೆಳೆದ ಕನ್ನಡಿಗರಿಗೆ ಈ ಉಪಾಯದ ಗತಿಯನ್ನು ವಿವರಿಸಬೇಕಾಗಿಲ್ಲ. ರೋಗಿ ಲೋಟವನ್ನು ತುಟಿಗೆ ತಂದಾಗಲೆಲ್ಲ ಮಂಗ ಬಂದು ಎದುರಿಗೆ ಕೂರುತ್ತಿತ್ತು. ನಮ್ಮ ಅಜ್ಜಿಯರು ಬಲ್ಲ ಈ ಸತ್ಯವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಯೋಗದಿಂದ ಸ್ಥಾಪಿಸಿದನು. ಅವನ ಪ್ರಯೋಗದಲ್ಲಿ ಮಂಗನ ಬದಲು ಬಿಳಿಯ ಕರಡಿ. ಕರಡಿಯನ್ನು ಯೋಚಿಸಬೇಡಿರೆಂದು ಹೇಳಿಸಿಕೊಂಡವರು, ಯೋಚಿಸುತ್ತಲೆ ಇದ್ದುದಲ್ಲದೆ, ನಿಷೇಧ ತೆಗೆದ ಮೇಲೆ ಮೊದಲಿನಿಂದಲೆ ಯೋಚಿಸಲು ಅನುಮತಿಯಿದ್ದವರಿಗಿಂತಲೂ ಹೆಚ್ಚಾಗಿ ಯೋಚಿಸಿದರು.

ಇನ್ನು ಕೆಲವರು ಮಧುರವಾಕ್ಯಗಳ ಜಪವನ್ನು ವಿಧಿಸುತ್ತಾರೆ. ಬೆಳಗ್ಗೆ ಎದ್ದು ಕನ್ನಡಿಯ ಮುಂದೆ ನಿಂತು, ನಾನು ಸಮರ್ಥ, ನಾನು ಸರ್ವರಿಗೂ ಪ್ರಿಯ, ಎಂದು ಹೇಳಿಕೊಂಡರೆ ಹಾಗೆಯೆ ಆಗುವುದಂತೆ. ಕೆನಡಾದ ಜೋಆನ್ ವುಡ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ 2009ರಲ್ಲಿ ಇದನ್ನು ಪರೀಕ್ಷಿಸಿ ಕಂಡುಕೊಂಡುದು ವಿಚಿತ್ರವಾಗಿದೆ: ತಮ್ಮ ಬಗ್ಗೆ ಮೊದಲೆ ಒಳ್ಳೆಯ ಅಭಿಪ್ರಾಯವಿದ್ದವರಿಗೆ ಈ ಜಪದಿಂದ ಸ್ವಲ್ಪ ಪ್ರಯೋಜನವಾಯಿತು; ಆತ್ಮವಿಶ್ವಾಸವಿಲ್ಲದವರ ಮನಸ್ಸು, ಅಂದರೆ ಯಾರಿಗಾಗಿ ಈ ಮದ್ದು ಸಿದ್ಧವಾಯಿತೋ ಅವರ ಮನಸ್ಸು, ಮೊದಲಿಗಿಂತಲೂ ಕುಗ್ಗಿತು. ತಾನು ನಂಬದ ಮಾತನ್ನು ಬಾಯಿ ಆಡಿದಾಗ ಒಳಗಿನಿಂದ ಪ್ರತಿವಾದ ಏಳುವುದು ಸಹಜವಷ್ಟೆ. ಪತಂಜಲಿಯ ಯೋಗಸೂತ್ರಗಳಲ್ಲಿ ಪ್ರತಿಪಕ್ಷಭಾವನೆಯೆಂಬ ಸಾಧನೆಯ ಪ್ರಸ್ತಾಪವಿದೆಯಲ್ಲವೆ ಎಂದು ಬಲ್ಲವರು ಕೇಳಬಹುದು. ಇದೆ, ಆದರೆ ಅಲ್ಲಿ ಸಾಧಕನಿಗೆ ಹೇಳಿರುವುದು ತನ್ನನ್ನು ತಾನು ಹೊಗಳಿಕೊಳ್ಳಲು ಅಲ್ಲ. ಕೇಡಿನ ಯೋಚನೆ ಎಲ್ಲಿಂದ ಹುಟ್ಟಿತು, ಅದರ ಬಲವೆಷ್ಟು, ಅದರ ಫಲವೇನು ಎಂದು ಪರಿಶೀಲಿಸಲು ಅಲ್ಲಿ ಹೇಳಿದೆ. ಅದೂ ಒಂದು ಅಳತೆಯೆ.

ಕೈಗೆ ಕೆಲಸ

ಆದರೆ ಅಳತೆಯೊಂದರಿಂದಲೆ ಎಲ್ಲವೂ ಆಗದು. ಅಳೆಯುತ್ತಲೆ ಕುಳಿತರೆ ಅದೂ ಚಿಂತೆಯ ಮತ್ತೊಂದು ವೇಷವಾದೀತು. ಅಳೆದ ಮೇಲೆ ಏಳಬೇಕು. ಇದಕ್ಕೆ ನೈರೋಬಿ ಜಗತ್ತಿಗೆ ಕೊಟ್ಟ ಮಹಾದೃಷ್ಟಾಂತ ವಂಗಾರಿ ಮಾಥಾಯ್.

1940ರಲ್ಲಿ ನ್ಯೇರಿ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿ, 1971ರಲ್ಲಿ ನೈರೋಬಿ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪದವಿಯನ್ನು ಪಡೆದು, ಪೂರ್ವ ಮತ್ತು ಮಧ್ಯ ಆಫ್ರಿಕದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆಯೆನಿಸಿದ ಈಕೆಗೆ, ನಿರಾಶಳಾಗುವುದಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಹೇರಳವಾಗಿಯೆ ಒದಗಿತ್ತು. ಸಸಿಗಳನ್ನು ಬೆಳೆಸಿ ಮಾರುವ ಆಕೆಯ ಮೊದಲ ಉದ್ಯಮ ಕೈಗೂಡಲಿಲ್ಲ. ದಾಂಪತ್ಯ ಮುರಿದು ನ್ಯಾಯಾಲಯದ ಮೆಟ್ಟಿಲೇರಿತು; ತೀರ್ಪಿತ್ತವನನ್ನು ಟೀಕಿಸಿದುದಕ್ಕಾಗಿ ಕೆಲವು ದಿನ ಸೆರೆವಾಸವೂ ಪ್ರಾಪ್ತವಾಯಿತು. ಇಂಥದರ ನಡುವೆ 1977ರ ವಿಶ್ವ ಪರಿಸರ ದಿನದಂದು ನೈರೋಬಿಯ ಕಮುಕುಂಜಿ ಮೈದಾನದಲ್ಲಿ ಏಳು ಸಸಿಗಳನ್ನು ನೆಟ್ಟು ಆರಂಭವಾದುದೆ ಗ್ರೀನ್ ಬೆಲ್ಟ್ ಚಳವಳಿ. ಆ ಏಳರಲ್ಲಿ ಎಲ್ಲವೂ ಉಳಿಯಲಿಲ್ಲ. ಓದುಬರಹವಿಲ್ಲದ ರೈತಹೆಂಗಸರು ಸಸಿ ಬೆಳೆಸಲು ಹೊರಟಾಗ, ಅದಕ್ಕೆ ಅರಣ್ಯಶಾಸ್ತ್ರದ ಡಿಪ್ಲೊಮಾ ಬೇಕೆಂದು ಅಧಿಕಾರಿಗಳು ನಕ್ಕರು. ಹೆಂಗಸರು ಒಡೆದ ಮಡಕೆಗಳಲ್ಲಿ ಬೀಜ ಊರಿದರು. ಉಳಿದು ಬೆಳೆದ ಪ್ರತಿ ಸಸಿಗೆ ಅವರಿಗೆ ಸಲ್ಲುತ್ತಿದ್ದ ಹಣ ಅಮೆರಿಕದ ನಾಲ್ಕು ಸೆಂಟಿನಷ್ಟು. ನೆಟ್ಟ ಸಸಿಗೆ ಅಲ್ಲ, ಉಳಿದ ಸಸಿಗೆ ಎಂಬುದು ಗಮನಾರ್ಹ. ಉತ್ಸಾಹಕ್ಕಿಂತ ಆರೈಕೆಗೆ ಬೆಲೆಕಟ್ಟಿದ ಪದ್ಧತಿ ಅದು. ಹನಿಗೂಡಿ ಹಳ್ಳವಾಗುವುದನ್ನೂ ತೆನೆಗೂಡಿ ಬಳ್ಳವಾಗುವುದನ್ನೂ ನಮ್ಮ ಗಾದೆ ಹೇಳುವಂತೆಯೆ, ಚೂರುಚೂರು ಸೇರಿ ಕೊಳಗ ತುಂಬುವುದೆಂದು ಇಲ್ಲಿಯ ಸ್ವಾಹಿಲಿ ಗಾದೆಯೂ ಹೇಳುತ್ತದೆ: ಹಾಬಾ ನಾ ಹಾಬಾ ಹುಜಾಜಾ ಕಿಬಾಬಾ. 2004ರಲ್ಲಿ ಆಕೆಗೆ ನೊಬೆಲ್ ಶಾಂತಿ ಪಾರಿತೋಷಕ ಬಂದಾಗ ಗಿಡಗಳ ಲೆಕ್ಕ ಮೂರು ಕೋಟಿಯನ್ನು ದಾಟಿತ್ತು.

1989ರಲ್ಲಿ ನಗರಮಧ್ಯದ ಉಹುರು ಉದ್ಯಾನದಲ್ಲಿ ಅರವತ್ತು ಅಂತಸ್ತಿನ ಗೋಪುರವೊಂದನ್ನು ಎಬ್ಬಿಸಲು ಸರ್ಕಾರ ಹೊರಟಾಗ ಆಕೆ ಮಾಡಿದುದು ಪತ್ರ ಬರೆಯುವ ಕೆಲಸ. ಒಂದಾದ ಮೇಲೊಂದು ಪತ್ರ. ಪಾರ್ಲಿಮೆಂಟಿನಲ್ಲಿ ಹಾಸ್ಯಕ್ಕೀಡಾದಳು, ಚಳವಳಿಯ ಕಚೇರಿಯನ್ನು ತೆರವು ಮಾಡಬೇಕಾಯಿತು. ಕಡೆಗೆ ಹಣ ಹೂಡುವವರು ಹಿಂಜರಿದರು, ಗೋಪುರ ಏಳಲಿಲ್ಲ. 1999ರ ಜನವರಿಯಲ್ಲಿ, ಕಬಳಿಕೆಗೆ ಒಳಗಾಗುತ್ತಿದ್ದ ಕರೂರ ಅರಣ್ಯದಲ್ಲಿ ಸಸಿ ನೆಡಲು ಹೋದಾಗ ಕಾವಲಿನವರ ಏಟಿನಿಂದ ಆಕೆಯ ತಲೆ ಒಡೆಯಿತು. ನಗರದೊಳಗಣ ಆ ಸಾವಿರ ಹೆಕ್ಟೇರು ಕಾಡು ಬಹುಕಾಲ ನೈರೋಬಿಯವರ ಅಂಜಿಕೆಗಳಲ್ಲಿ ಮುಖ್ಯವಾದುದು. ದರೋಡೆಯ ಹೆದರಿಕೆಯಿಂದ ಅತ್ತ ಕಾಲಿಡುವವರಿರಲಿಲ್ಲ. ಆಮೇಲೆ ನೆರೆಹೊರೆಯ ಜನ ಸಂಘ ಕಟ್ಟಿಕೊಂಡು ಅರಣ್ಯ ಇಲಾಖೆಯೊಡನೆ ಕೈಜೋಡಿಸಿ, ಸುತ್ತಲೂ ಬೇಲಿ ಹಾಕಿಸಿ, ಕಾಲುದಾರಿಗಳಿಗೆ ಕಾವಲು ನಿಯಮಿಸಿದರು. ಈಗ ಭಾನುವಾರದ ಬೆಳಗ್ಗೆ ಲಿಮುರು ರಸ್ತೆಯ ಬಾಗಿಲಲ್ಲಿ ಟಿಕೆಟು ಕೊಂಡು ಒಳಹೊಕ್ಕರೆ, ಜಲಪಾತದ ದಾರಿಯಲ್ಲಿ ಪಂಜಾಬಿ, ಗುಜರಾತಿ, ಕಿಕುಯು ಮಾತುಗಳ ನಡುವೆ ಒಂದೊಂದು ಕನ್ನಡದ ಮಾತೂ ಕಿವಿಗೆ ಬೀಳುವುದುಂಟು. ಕರೂರದ ಹೆದರಿಕೆ ಯಾರ ಧ್ಯಾನದಿಂದಲೂ ಹೋಗಲಿಲ್ಲ. ಬೇಲಿ, ಕಾವಲು, ನಡೆದಾಟ ಇವುಗಳಿಂದ ಹೋಯಿತು.

ನಮ್ಮ ನಾಡಿನಲ್ಲಿಯೂ ಇಂಥದಕ್ಕೆ ನಿದರ್ಶನವಿಲ್ಲದಿಲ್ಲ. ಮಾಗಡಿ ತಾಲ್ಲೂಕು ಹುಲಿಕಲ್ಲಿನ ತಿಮ್ಮಕ್ಕ, ಮಕ್ಕಳಿಲ್ಲವೆಂಬ ಕೊರಗನ್ನು ಎದೆಯಲ್ಲಿ ಹೊತ್ತು, ಜನದ ಚುಚ್ಚುಮಾತನ್ನು ಕಿವಿಯಲ್ಲಿ ಹೊತ್ತು, ಗಂಡ ಚಿಕ್ಕಯ್ಯನೊಡನೆ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಹಾಕಿ, ದನ ಮೇಯದಂತೆ ಮುಳ್ಳು ಕಟ್ಟಿ ಬೆಳೆಸಿದ ಮುನ್ನೂರಕ್ಕೂ ಮಿಕ್ಕ ಮರಗಳು ಇಂದಿಗೂ ಸಾಲಾಗಿ ನಿಂತಿವೆ. 2019ರಲ್ಲಿ ಆಕೆಗೆ ಪದ್ಮಶ್ರೀ ಬಂದುದನ್ನು ಎಲ್ಲರೂ ಬಲ್ಲರು. ಕೊರಗು ತೀರಿದ ಮೇಲೆ ಸಸಿ ನೆಡೋಣವೆಂದು ಆಕೆ ಕಾದಿದ್ದರೆ ಆ ದಾರಿಗೆ ಇಂದಿಗೂ ನೆರಳಿರುತ್ತಿರಲಿಲ್ಲ.

ಐದು ವಾರದ ಮಾತು

ಅಳತೆ, ಕೆಲಸ ಇವೆರಡಾದ ಮೇಲೆ ಮೂರನೆಯದು ಸಂಗ. ಭಗವದ್ಗೀತೆಯ ಮೊದಲ ಅಧ್ಯಾಯಕ್ಕೆ ಅರ್ಜುನ ವಿಷಾದಯೋಗವೆಂದೆ ಹೆಸರು. ಕೈ ನಡುಗಿ, ಬಾಯೊಣಗಿ, ಬಿಲ್ಲು ಜಾರಿದ ಆ ಮಹಾವೀರನ ವಿಷಾದ ಯೋಗವಾದುದಕ್ಕೆ, ಅದನ್ನೆಲ್ಲ ಆಡಿಕೊಳ್ಳಲು ಅದೇ ರಥದಲ್ಲಿ ಮತ್ತೊಬ್ಬನಿದ್ದುದು ಕಾರಣ. ರಥದಲ್ಲಿ ಯಾರೂ ಇಲ್ಲದವರ ಗತಿಯೇನು?

ನೈರೋಬಿಯ ಹೊರವಲಯಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಇದಕ್ಕೆ ಉತ್ತರ ಹೇಳುತ್ತದೆ. ಹಿಂಸೆಯನ್ನುಂಡು ಮನಸ್ಸು ಜರ್ಝರಿತವಾಗಿದ್ದ 421 ಮಂದಿ ಬಡಹೆಂಗಸರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಕ್ರಮದಂತೆ ವಾರಕ್ಕೊಂದಾವರ್ತಿ, ಒಂದೂವರೆ ಗಂಟೆಯ ಹಾಗೆ, ಐದು ವಾರ ಸಲಹೆ ನೀಡಲಾಯಿತು. ಸಲಹೆಗಾರರು ವೈದ್ಯರಲ್ಲ, ನಮ್ಮ ಆಶಾ ಕಾರ್ಯಕರ್ತೆಯರಂಥ, ಅದೇ ಬಡಾವಣೆಗಳ ಆರೋಗ್ಯ ಕಾರ್ಯಕರ್ತರು. ಅವರು ಕಲಿಸಿದುದಾದರೂ ಏನು? ಉಸಿರನ್ನು ನಿಧಾನ ಮಾಡುವುದು. ತೊಂದರೆಗಳಲ್ಲಿ ಪರಿಹಾರವಾಗತಕ್ಕ ಒಂದನ್ನು ಆಯ್ದು ಪರಿಹರಿಸಲೆತ್ನಿಸುವುದು. ಮನಸ್ಸಿಲ್ಲದಿದ್ದರೂ ಬಿಟ್ಟುಹೋದ ಒಂದು ಸಣ್ಣ ಕೆಲಸವನ್ನು ಪುನಃ ಆರಂಭಿಸುವುದು. ನಂಬತಕ್ಕ ಒಬ್ಬರೊಡನೆ ಮಾತು ಬೆಳೆಸುವುದು. ಮೂರು ತಿಂಗಳ ಅನಂತರ ನೋಡಿದಾಗ ಈ ಪಂಗಡದವರ ಸಂಕಟ ಮತ್ತೊಂದಕ್ಕಿಂತ ಕಡಿಮೆಯಾಗಿತ್ತು. ಪವಾಡವಾಗಲಿಲ್ಲ, ಭಾರ ಇಳಿಯಿತು. ಹಾಗೆಯೆ, ಶಾಮಿರಿ ಎಂಬ ಕೀನ್ಯಾದ ಸಂಸ್ಥೆ 413 ಮಂದಿ ಪ್ರೌಢಶಾಲಾ ವಿದ್ಯಾರ್ಥಿಗಳೊಡನೆ ನಡೆಸಿ 2021ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆಗತಾನೆ ಶಾಲೆ ಮುಗಿಸಿದ ತರುಣರೆ ಗುಂಪು ಕೂಡಿಸಿಕೊಂಡು ನಾಲ್ಕು ವಾರ ಮಾತನಾಡಿ, ಸಾಮರ್ಥ್ಯ ಬೆಳೆಯತಕ್ಕದ್ದೆಂಬ ನಂಬಿಕೆ, ಕೃತಜ್ಞತೆ, ತನಗೆ ಬೆಲೆಯುಳ್ಳದ್ದಾವುದೆಂಬ ವಿವೇಚನೆ ಇವನ್ನು ಅಭ್ಯಾಸ ಮಾಡಿಸಿದುದರಿಂದ ಮಕ್ಕಳ ಖಿನ್ನತೆ ಆತಂಕಗಳು ತಗ್ಗಿದುವು.

ಇದನ್ನು ಓದುವಾಗ ನನ್ನ ಕಣ್ಣೆದುರಿಗೆ ಬರುವವರು ನಮ್ಮವರೆ ಆದ ಕೆಲವು ಗೃಹಿಣಿಯರು. ಗಂಡನ ಕೆಲಸದ ನಿಮಿತ್ತ ಆಶ್ರಿತರ ಪಾಸಿನ ಮೇಲೆ ಬಂದು, ಎಂಜಿನಿಯರಿಂಗ್ ಓದಿದ್ದರೂ ಆ ಪಾಸಿನಲ್ಲಿ ಉದ್ಯೋಗ ಮಾಡುವ ಅಧಿಕಾರವಿಲ್ಲದೆ, ಮನೆಗೆಲಸಕ್ಕೆ ಆಳಿರುವುದರಿಂದ ಅದೂ ಇಲ್ಲದೆ, ಗೇಟಿನಾಚೆ ಒಬ್ಬಳೆ ಹೋಗಬಾರದೆಂಬ ಉಪದೇಶದಿಂದ ನಡೆದಾಟವೂ ಇಲ್ಲದೆ, ಬೆಳಗಿನಿಂದ ಸಂಜೆಯವರೆಗೆ ಫೋನಿನಲ್ಲಿ ಊರಿನ ಸಾವುನೋವುಗಳನ್ನು ಓದುತ್ತ ಕುಳಿತವರ ಮನಸ್ಸು ಕತ್ತಲಾದರೆ ಆಶ್ಚರ್ಯವೇನು? ಹಾಗೆ ವರ್ಷವೆಲ್ಲ ಕುಳಿತಿದ್ದ ಒಬ್ಬಾಕೆಯನ್ನು ಎಬ್ಬಿಸಿದುದು ರಾಗಿಹಿಟ್ಟು. ಇಲ್ಲಿ ನಮ್ಮದೆಂಬುದು ಏನೂ ಸಿಗುವುದಿಲ್ಲವೆಂದು ಹಲುಬುತ್ತಿದ್ದಾಕೆಗೆ, ವಿಂಬಿಯೆಂಬ ಹೆಸರಿನಲ್ಲಿ ಪ್ರತಿ ಅಂಗಡಿಯಲ್ಲಿಯೂ ಮಾರುವುದು ರಾಗಿಯೆ ಎಂದು ಮನೆಗೆಲಸದ ಹೆಂಗಸು ತಂದು ತೋರಿಸಿದಳು. ಆ ಮಧ್ಯಾಹ್ನ ಒಲೆಯ ಮುಂದೆ ಒಬ್ಬಳು ಮುದ್ದೆ ತೊಳಸಿದಳು, ಮತ್ತೊಬ್ಬಳು ಅದೇ ಹಿಟ್ಟಿನಲ್ಲಿ ತನ್ನವರ ಉಜಿ ಗಂಜಿ ಕಾಯಿಸಿದಳು. ಎರಡು ವರ್ಷದ ಪರಿಚಯದಲ್ಲಿ ಮೊದಲ ಬಾರಿಗೆ ಇಬ್ಬರೂ ತಂತಮ್ಮ ತಾಯಂದಿರ ವಿಷಯ ಮಾತನಾಡಿದರು. ರಾಗಿಯ ಮೂಲವೆ ಪೂರ್ವ ಆಫ್ರಿಕದ ಎತ್ತರದ ನೆಲ, ಅದು ಸಹಸ್ರಾರು ವರ್ಷಗಳ ಹಿಂದೆ ಕಡಲು ದಾಟಿ ನಮ್ಮ ಹೊಲ ಸೇರಿತೆಂಬುದನ್ನು ಆಕೆ ತಿಳಿದುದು ಆಮೇಲೆ. ಇಲ್ಲಿಯ ಹೆಂಗಸರಿಗೆ ಚಾಮಾ ಎಂಬ ಕೂಟಗಳುಂಟು. ನಮ್ಮ ಚೀಟಿಯ ಹಾಗೆ ತಿಂಗಳಿಗಿಷ್ಟೆಂದು ಹಣ ಹಾಕಿ ಸರದಿಯ ಮೇಲೆ ಎತ್ತುವ ಏರ್ಪಾಟು. ಹಣ ಒಂದು ನೆಪ. ಸರದಿಯಲ್ಲಿ ಒಬ್ಬಳು ಬಾರದಿದ್ದರೆ ಏಕೆ ಬರಲಿಲ್ಲವೆಂದು ವಿಚಾರಿಸಿಕೊಂಡು ನಾಲ್ವರು ಮನೆಗೆ ಬರುತ್ತಾರೆ. ಅಷ್ಟು ವಿಚಾರಿಸುವವರಿದ್ದರೆ ಸಾಕು, ಅರ್ಧ ಕತ್ತಲು ಹರಿದಂತೆಯೆ.

ಓದುಗರಲ್ಲಿ ಒಂದು ಮಾತು

ಮೇಲೆ ಹೇಳಿದ ಅಳತೆ, ಕೆಲಸ, ಸಂಗಗಳಿಗೆ ಒಂದು ಎಲ್ಲೆಯುಂಟೆಂಬುದನ್ನೂ ಹೇಳತಕ್ಕದ್ದೆ. ಎರಡು ವಾರಕ್ಕೆ ಮಿಕ್ಕು ನಿದ್ರೆ, ಹಸಿವು, ಆಸಕ್ತಿ ಇವು ಹೋಗಿ, ಬದುಕೆ ಬೇಡವೆಂಬ ಮಾತು ಮನಸ್ಸಿನಲ್ಲಿ ಸುಳಿಯತೊಡಗಿದರೆ ಅದು ಕೆಟ್ಟ ಯೋಚನೆಯ ಮಾತಲ್ಲ, ಚಿಕಿತ್ಸೆ ಬೇಕಾದ ರೋಗ. ಅದನ್ನು ಧೈರ್ಯದ ಕೊರತೆಯೆಂದು ಹೀಗಳೆಯುವವರು ಮಧುಮೇಹವನ್ನು ನೀತಿಬೋಧೆಯಿಂದ ಗುಣಪಡಿಸಹೊರಟವರು. ನೈರೋಬಿಯ ಮಾಥಾರಿ ಮಾನಸಿಕ ಆಸ್ಪತ್ರೆ 1910ರಲ್ಲಿ ಆರಂಭವಾಯಿತು; ನೂರು ವರ್ಷ ಕಳೆದರೂ ಅದರ ಹೆಸರೆತ್ತಿದರೆ ಜನ ದನಿ ತಗ್ಗಿಸುತ್ತಾರೆ. ನಮ್ಮಲ್ಲಿ ನಿಮ್ಹಾನ್ಸಿನ ಹೆಸರಿಗೂ ಬಹುಕಾಲ ಅದೇ ಗತಿಯಿತ್ತು. ಆದರೆ ಆ ನಿಮ್ಹಾನ್ಸೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಚಿಕಿತ್ಸೆಯನ್ನು ಕಲಿಸಿ, 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಮಾದರಿಯನ್ನೊದಗಿಸಿತೆಂಬುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ. ನೆರವು ಮನೆಯ ಬಾಗಿಲಿಗೆ ಬರಬೇಕೆಂಬ ತತ್ತ್ವ ನೈರೋಬಿಯಲ್ಲಿ ಪರೀಕ್ಷಿತವಾಗುವುದಕ್ಕೆ ಮೂರು ದಶಕ ಮುನ್ನ ಬಳ್ಳಾರಿಯಲ್ಲಿ ಪರೀಕ್ಷಿತವಾಗಿತ್ತು.

ಆದುದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಈ ವಾರ ನಿಮ್ಮನ್ನು ಹೆಚ್ಚಾಗಿ ಕಾಡುತ್ತಿರುವ ಒಂದು ಅಂಜಿಕೆಯನ್ನು ಕಾಗದದ ಮೇಲೆ ಬರೆಯಿರಿ. ಅದರಲ್ಲಿ ಸಿಂಹವೆಷ್ಟು, ಪ್ರೇತವೆಷ್ಟೆಂದು ಬೇರ್ಪಡಿಸಿರಿ. ಸಿಂಹಕ್ಕೆ ತಕ್ಕ ಬೇಲಿಯನ್ನು ನಾಳೆಯೆ ಹಾಕಿರಿ. ಬಹಳ ದಿನದಿಂದ ಮಾತಿಗೆ ಸಿಕ್ಕದ ಒಬ್ಬರಿಗೆ ಫೋನು ಮಾಡಿರಿ, ಅವರು ನೈರೋಬಿಯಲ್ಲಿದ್ದರೆ ಗಡಿಯಾರವನ್ನು ನೋಡಿಕೊಂಡು ಮಾಡಿರಿ. ಇಷ್ಟೆಲ್ಲ ಮಾಡಿದ ಮೇಲೆಯೂ ಕತ್ತಲು ಹರಿಯದಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಊರಿನಲ್ಲಿರುವವರಿಗೆ ಟೆಲಿ ಮಾನಸ್ ಸಹಾಯವಾಣಿಯುಂಟು: ಸಂಖ್ಯೆ 14416; ಹಗಲಿರುಳೂ ಲಭ್ಯ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೆ ಮಾತನಾಡಬಹುದು.